ಥಾಯ್ಲೆಂಡ್ ಪ್ರವೇಶ, ನವೆಂಬರ್ 2021: ಮೂರರಲ್ಲಿ ಯಾವ ದಾರಿ?

ಆಗಿನ ಕೋವಿಡ್ ನಿಯಮಗಳಡಿ ಯಾವ ದಾರಿ ಹಿಡಿದರೂ ಥಾಯ್ಲೆಂಡ್ ಪಾಸ್ (ಆನ್‌ಲೈನ್‌ನಲ್ಲಿ ಮೊದಲೇ ಪಡೆಯುವ ಪ್ರವೇಶ ಅನುಮತಿ), 50,000 ಡಾಲರ್ ವಿಮೆ, ಹೊರಡುವ ಮುನ್ನ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ಬೇಕೇ ಬೇಕಿತ್ತು.

ಸಮಯ, ಖರ್ಚು ಎರಡರಲ್ಲೂ ಹಗುರವಾಗಿದ್ದದ್ದು 'ಟೆಸ್ಟ್ ಆಂಡ್ ಗೋ'. ಹೋಟೆಲಿನಲ್ಲಿ ಒಂದು ರಾತ್ರಿ, ಬಂದಿಳಿದ ಮೇಲಿನ ಪರೀಕ್ಷೆಯ ವರದಿ ನೆಗೆಟಿವ್ ಬಂದರೆ ಬಿಡುಗಡೆ. ಆದರೆ ಲಸಿಕೆ ಪೂರ್ಣವಾಗಿ 14 ದಿನ ಕಳೆದಿರಬೇಕಿತ್ತು, ಹಿಂದಿನ 21 ದಿನ ಥಾಯ್ಲೆಂಡ್ ಒಪ್ಪಿದ 63 ದೇಶಗಳ ಪಟ್ಟಿಯೊಳಗೇ ಇದ್ದಿರಬೇಕಿತ್ತು. ಭಾರತ ಅದರಲ್ಲಿರಲಿಲ್ಲ. ಹಾಗಾಗಿ ಸಿಂಗಪುರದ ಕನ್ನಡಿಗರಿಗೆ ಒಗ್ಗುತ್ತಿದ್ದ ಈ ದಾರಿ ಬೆಂಗಳೂರಿನಿಂದ ಹೊರಡುವವರಿಗೆ ಮುಚ್ಚಿತ್ತು.

ಲಸಿಕೆ ಪಡೆದ ಬೆಂಗಳೂರಿನವರಿಗೆ ಫುಕೆಟ್ ದ್ವೀಪದ 'ಸ್ಯಾಂಡ್‌ಬಾಕ್ಸ್' ಯೋಜನೆ ಸರಿಯಾಗಿತ್ತು: 7 ರಾತ್ರಿ ದ್ವೀಪದಲ್ಲೇ ಇರಬೇಕಿತ್ತು, ಅಲ್ಲಿ ಓಡಾಟಕ್ಕೆ ಅಡ್ಡಿಯಿರಲಿಲ್ಲ. ಕಡಲತೀರಕ್ಕೇ ಹೊರಟವರಿಗೆ ಇದರಿಂದ ನಷ್ಟವೇನೂ ಇರಲಿಲ್ಲ. ಹೋಟೆಲಿಗೂ ಪರೀಕ್ಷೆಗೂ ಮುಂಗಡ ಪಾವತಿಸಿದ ರಸೀದಿ ಕೈಯಲ್ಲಿರಬೇಕಿತ್ತು.

ಲಸಿಕೆ ಆಗದವರಿಗೆ ಇದ್ದದ್ದು ಹೋಟೆಲ್ ಕ್ವಾರಂಟೈನ್, 10 ರಾತ್ರಿ. ಎರಡು ವಾರದ ರಜೆಗೆ ಇದು ತೀರಾ ದುಬಾರಿಯಾಗಿತ್ತು; ತಿಂಗಳುಗಟ್ಟಲೆ ಉಳಿಯುವವರು ಮಾತ್ರ ಯೋಚಿಸಬಹುದಿತ್ತು.