ಒಂದೇ ಕಾರ್ನಿಸ್, ನಾಲ್ಕು ದಾರಿ: ಹದಿನೇಳು ಸಲ ಬರೆದವನ ಹೋಲಿಕೆ

ಗೋಡೆಯಿಂದ ಹೊರಚಾಚುವ ಅಲಂಕಾರದ ಪಟ್ಟಿಯೇ ಕಾರ್ನಿಸ್. ಅದನ್ನು ಕಟ್ಟಡದ 3ಡಿ ಬರೆಯುವ ನಾಲ್ಕು ಸಾಫ್ಟ್‌ವೇರ್‌ಗಳಲ್ಲಿ ಮಾಡಿ ನೋಡಿದೆ: ರೆವಿಟ್, ಸ್ಕೆಚ್‌ಅಪ್, ಆರ್ಕಿಕ್ಯಾಡ್, ಫ್ರೀಕ್ಯಾಡ್. ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ರೆವಿಟ್‌ನ ಪ್ರೊಫೈಲ್ ಫ್ಯಾಮಿಲಿಗೆ. ಆದರೆ ಅಲ್ಲಿಗೆ ನೆಟ್ಟಗೆ ಹೋದವನಲ್ಲ ನಾನು. ಅದೇ ರೆವಿಟ್‌ನಲ್ಲಿ ತಪ್ಪು ದಾರಿ ಹಿಡಿದು, ಒಂದು ಮನೆಯ ಹದಿನೇಳು ಕಾರ್ನಿಸ್‌ಗಳನ್ನು ಎರಡೆರಡು ಸಲ ಬರೆದ ಮೇಲೆ ಬುದ್ಧಿ ಬಂದದ್ದು.

ಮೈಸೂರಿನಲ್ಲಿ ಒಂದು ಎರಡಂತಸ್ತಿನ ಮನೆ. ಯಜಮಾನರಿಗೆ ಹಳೇ ಬಂಗಲೆಯ ಕಳೆ ಬೇಕಿತ್ತು: ಪ್ಯಾರಾಪೆಟ್ ಕೆಳಗೊಂದು ಕಾರ್ನಿಸ್, ಪೋರ್ಟಿಕೋ ಸುತ್ತ ಅದೇ, ಬಾಲ್ಕನಿಗೂ ಅದೇ. ನಾನು ಮಾಡೆಲ್ ಇನ್‌-ಪ್ಲೇಸ್ (ಪ್ರಾಜೆಕ್ಟಿನೊಳಗೇ ಆಕಾರ ಬರೆಯುವ ಟೂಲ್) ತೆಗೆದು, ದಾರಿ ಎಳೆದು, ಅಡ್ಡಕೊಯ್ತದ ಆಕಾರವನ್ನು ಅಲ್ಲೇ ಸ್ಕೆಚ್ ಮಾಡಿ ಸ್ವೀಪ್ ಹೊಡೆದೆ, ಅಂದರೆ ಆ ಆಕಾರವನ್ನು ದಾರಿಯುದ್ದಕ್ಕೂ ಎಳೆಸಿದೆ. ಚೆನ್ನಾಗಿ ಬಂತು. ಉಳಿದ ಕಡೆಗೆ ಅದನ್ನೇ ಕಾಪಿ ಮಾಡಿ ದಾರಿ ತಿದ್ದುತ್ತಾ ಹೋದೆ. ಇನ್‌-ಪ್ಲೇಸ್ ಕಾಪಿ ಮಾಡಿದರೆ ಪ್ರತಿಯೊಂದೂ ತನ್ನ ಪಾಡಿಗೆ ತಾನು ಬದುಕುತ್ತದೆ, ಒಂದನ್ನು ತಿದ್ದಿದರೆ ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ ಅನ್ನುವುದು ಆಗ ತಲೆಗೆ ಹೋಗಲಿಲ್ಲ.

3ಡಿ ನೋಡಿದ ಮನೆಯಾಕೆ ಒಂದೇ ಮಾತು ಅಂದರು: "ಕಾರ್ನಿಸ್ ಸ್ವಲ್ಪ ಜಾಸ್ತಿ ಆಯ್ತಲ್ವಾ ಸಾರ್, ಮನೆ ಟೋಪಿ ಹಾಕ್ಕೊಂಡ ಹಾಗೆ ಕಾಣುತ್ತೆ." 150 ಮಿ.ಮೀ. ಚಾಚು 100ಕ್ಕೆ ಇಳಿಯಬೇಕು. ಹದಿನೇಳು ಸ್ಕೆಚ್ ಬಿಚ್ಚಿ, ತಿದ್ದಿ, ಮುಚ್ಚಿದೆ. ಸಂಜೆ ಏಳರ ಹೊತ್ತಿಗೆ ಕಣ್ಣು ಸೋತು ಎರಡು ಕಡೆ ಅಡಿಯ ಡ್ರಿಪ್ ಗೆರೆ (ಮಳೆನೀರು ಗೋಡೆಗೆ ಹರಿಯದೆ ತೊಟ್ಟಿಕ್ಕಲೆಂದು ಇಡುವ ಗೆರೆ) ಬಿಟ್ಟೇಬಿಟ್ಟೆ. ನನಗೆ ಕಾಣಲಿಲ್ಲ, ಮೇಸ್ತ್ರಿಗೆ ಕಂಡಿತು. "ಸಾರ್, ಈ ಡ್ರಾಯಿಂಗ್‌ನಾಗೆ ಡ್ರಿಪ್ ಐತೆ, ಅದ್ರಾಗೆ ಇಲ್ಲ. ಯಾವ್ದು ಮಾಡ್ಲಿ?" ಎಂದು ಎರಡು ಸೆಕ್ಷನ್ ಪಕ್ಕಪಕ್ಕ ಹಿಡಿದು ಕೇಳಿದಾಗ ನನ್ನ ಮುಖ ನೋಡಬೇಕಿತ್ತು.

ಗಾರೆಯವರು ಕಾರ್ನಿಸ್ ಎಳೆಯುವುದನ್ನು ನೋಡಿದ್ದೀರಾ? ತಗಡನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಮರದ ತುಂಡಿಗೆ ಮೊಳೆ ಹೊಡೆದು, ಹಸಿ ಗಾರೆಯ ಮೇಲೆ ಉದ್ದಕ್ಕೂ ಎಳೆಯುತ್ತಾರೆ. ತಗಡು ಒಂದೇ, ಗೋಡೆ ಎಷ್ಟಾದರೂ ಇರಲಿ. ನಾನು ಕಂಪ್ಯೂಟರ್ ಮುಂದೆ ಕೂತು ಗೋಡೆಗೊಂದು ತಗಡು ಕತ್ತರಿಸುತ್ತಿದ್ದೆ.

ಪ್ರೊಫೈಲ್ ಫ್ಯಾಮಿಲಿ ಅಂದರೆ ಆ ತಗಡು. ಬೇರೆ ಫೈಲಿನಲ್ಲಿ ಮುಚ್ಚಿದ ಒಂದು ಆಕಾರ ಬರೆದು, ಪ್ರಾಜೆಕ್ಟಿಗೆ ಲೋಡ್ ಮಾಡಿ, ವಾಲ್ ಸ್ವೀಪ್‌ನ ಟೈಪ್‌ನಲ್ಲಿ ಅದನ್ನು ಆರಿಸುವುದು. ಆಯ್ಕೆ ಕೂರುವುದು ಟೈಪ್‌ನಲ್ಲಿ, ಆ ಟೈಪು ಎಲ್ಲಾ ಕಾರ್ನಿಸ್‌ಗೂ ಒಂದೇ, ಆದ್ದರಿಂದ ಒಂದು ಕಡೆ ಬದಲಿಸಿದರೆ ಹದಿನೇಳೂ ಬದಲು. ಅಕ್ಕಪಕ್ಕದ ಗೋಡೆಗಳನ್ನು ಒಂದೊಂದಾಗಿ ಕ್ಲಿಕ್ ಮಾಡುತ್ತಾ ಹೋದರೆ ಮೂಲೆ ತಾನಾಗಿ ಸೇರಿಕೊಳ್ಳುತ್ತದೆ. ಟೆಂಪ್ಲೇಟಿನಲ್ಲಿ ಎರಡು ರೆಫರೆನ್ಸ್ ಪ್ಲೇನ್ (ಅಳತೆಗೆ ಆಧಾರದ ಗೆರೆ) ಅಡ್ಡಹಾಯುವ ಜಾಗವೇ ಮೂಲಬಿಂದು. ಅದನ್ನು ಬಿಟ್ಟು ದೂರದಲ್ಲಿ ಬರೆದರೆ ಕಾರ್ನಿಸ್ ಗೋಡೆಯಿಂದ ಅಷ್ಟೇ ದೂರ ಗಾಳಿಯಲ್ಲಿ ತೇಲುತ್ತದೆ. ಲೋಡ್ ಆದರೂ ಪಟ್ಟಿಯಲ್ಲಿ ಕಾಣದಿದ್ದರೆ 'ಪ್ರೊಫೈಲ್ ಯೂಸೇಜ್' (ಆ ಆಕಾರ ಯಾವ ಕೆಲಸಕ್ಕೆ ಅನ್ನುವ ಸೆಟ್ಟಿಂಗ್) ಏನಿದೆ ನೋಡಿ.

ತಿದ್ದಿದ ಫ್ಯಾಮಿಲಿಯನ್ನು ಮತ್ತೆ ಲೋಡ್ ಮಾಡುವಾಗ ಎರಡು ಆಯ್ಕೆ ಬರುತ್ತವೆ. ಒಂದರಲ್ಲಿ ಆಕಾರ ಮಾತ್ರ ಹೊಸದಾಗಿ ಬರುತ್ತದೆ, ಅಳತೆಗಳು ಪ್ರಾಜೆಕ್ಟಿನ ಹಳೆಯವೇ ಉಳಿಯುತ್ತವೆ. ಇನ್ನೊಂದರಲ್ಲಿ ಅಳತೆಯೂ ಬದಲಾಗುತ್ತದೆ. ನಾನು ಮೊದಲನೆಯದನ್ನು ಒತ್ತಿ, 100 ಯಾಕೆ ಇನ್ನೂ 150 ಆಗಿಯೇ ಇದೆ ಎಂದು ಅರ್ಧ ಗಂಟೆ ಸಿಸ್ಟಮ್ಮನ್ನೇ ಬೈದೆ.

ಆದರೆ ನಿಜವಾಗಿ ತಲೆ ತಿಂದದ್ದು ಬೇರೆ. ಕಾರ್ನಿಸ್ ಆಕಾರ ನನಗೆ ಬಂದದ್ದು ಕಾರ್ನಿಸ್ ಅಚ್ಚು ಮಾಡುವ ಒಬ್ಬರ ಡಿಡಬ್ಲ್ಯೂಜಿ (ಆಟೋಕ್ಯಾಡ್ ಡ್ರಾಯಿಂಗ್) ಫೈಲಿನಲ್ಲಿ. ಬರೆಯುವ ಕೆಲಸ ಉಳಿಯಿತಲ್ಲ ಎಂದು ಅದನ್ನೇ ಫ್ಯಾಮಿಲಿಯೊಳಗೆ ತಂದು, ಪಿಕ್ ಲೈನ್ಸ್‌ನಿಂದ ಗೆರೆ ಆರಿಸಿಕೊಂಡೆ. ಲೂಪ್ (ಗೆರೆಗಳ ಸುತ್ತು) ಮುಚ್ಚಿಲ್ಲ ಅಂತು ರೆವಿಟ್. ಜೂಮ್ ಮಾಡಿದೆ, ಎಲ್ಲಾ ಸೇರಿದ ಹಾಗೇ ಕಂಡಿತು. ಥಿನ್ ಲೈನ್ಸ್ (ಗೆರೆಗಳನ್ನು ತೆಳ್ಳಗೆ ತೋರಿಸುವ ಆಯ್ಕೆ) ಹಾಕಿ, ಮೂತಿ ಪರದೆಗೆ ತಾಗುವಷ್ಟು ಹತ್ತಿರ ಹೋದರೆ ಗೆರೆಗಳ ನಡುವೆ ಕೂದಲೆಳೆಯ ಸಂದು. ಒಂದಲ್ಲ, ಹತ್ತಾರು.

ಕಾರಣ ಇಷ್ಟು. ಕಮಾನಿನ (ಬಾಗಿದ ಗೆರೆಯ) ಹಾಗೆ ಕಾಣುತ್ತಿದ್ದದ್ದು ಕಮಾನೇ ಆಗಿರಲಿಲ್ಲ, ಚೂರು ಚೂರು ನೇರ ಗೆರೆಗಳು. 20 ಮಿ.ಮೀ. ತ್ರಿಜ್ಯದ ಕಾಲುವೃತ್ತ, ಅಂದರೆ ಹೆಚ್ಚುಕಡಿಮೆ 31 ಮಿ.ಮೀ. ಉದ್ದ. ಅದರಲ್ಲಿ 48 ಚೂರು. ಸರಾಸರಿ 0.65 ಮಿ.ಮೀ., ಕೆಲವು ಅದಕ್ಕಿಂತ ದೊಡ್ಡವು, ಕೆಲವು ಚಿಕ್ಕವು. ರೆವಿಟ್ ಸುಮಾರು 0.8 ಮಿ.ಮೀ.ಗಿಂತ ಚಿಕ್ಕ ಗೆರೆಯನ್ನು ಒಪ್ಪುವುದಿಲ್ಲ. ದೊಡ್ಡ ಚೂರುಗಳನ್ನು ಇಟ್ಟುಕೊಂಡು ಚಿಕ್ಕವನ್ನು ಬಿಟ್ಟಿತು, ಬಿಟ್ಟಲ್ಲೆಲ್ಲ ಸಂದು. ನಾನು ಟ್ರಿಮ್ ಮಾಡುತ್ತಾ ಒಂದೊಂದೇ ಸಂದು ಮುಚ್ಚಲು ಕೂತೆ. ಎರಡು ಗಂಟೆ. ಒಂದು ಮುಚ್ಚಿದರೆ ಪಕ್ಕದ್ದು ಇನ್ನೂ ಗಿಡ್ಡವಾಗಿ ಮತ್ತೆ ಅದೇ ಗೊಣಗು.

ಕೊನೆಗೆ ಕಾಫಿ ಕುಡಿದು ಬಂದು, ಆ ಡಿಡಬ್ಲ್ಯೂಜಿಯನ್ನು ಅಡಿಯಲ್ಲಿ ಬರೀ ನೋಡಲಿಕ್ಕೆ ಇಟ್ಟುಕೊಂಡು, ಮೇಲೆ ಹೊಸದಾಗಿ ಬರೆದೆ. ಏಳು ನೇರ ಗೆರೆ, ಎರಡು ನಿಜವಾದ ಕಮಾನು. ಆರು ನಿಮಿಷ! ಡಿಡಬ್ಲ್ಯೂಜಿಯನ್ನು ಆಮೇಲೆ ಅಳಿಸಿದೆ. ಬೇರೆಯವರ ಫೈಲಿನಿಂದ ಗೆರೆ ಎತ್ತುವುದನ್ನು ಅವತ್ತಿಗೆ ಬಿಟ್ಟೆ. ಅಳತೆ ಮಾತ್ರ ಎತ್ತುತ್ತೇನೆ.

ಇದೇ ಹಟಕ್ಕೆ ಬಿದ್ದು, ಅದೇ ಕಾರ್ನಿಸ್ ಅನ್ನು ಬೇರೆ ಕಡೆಯೂ ಮಾಡಿ ನೋಡಿದೆ.

ಸ್ಕೆಚ್‌ಅಪ್‌ನ ಫಾಲೋ ಮೀ ಕಲಿಯಲು ಹತ್ತು ನಿಮಿಷ ಸಾಕು: ದಾರಿ ಆರಿಸು, ಟೂಲ್ ತೆಗೆ, ಮುಖದ ಮೇಲೆ ಕ್ಲಿಕ್ ಮಾಡು. ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಲು ಇದಕ್ಕಿಂತ ಚೆಂದದ್ದಿಲ್ಲ. ಆದರೆ ಸ್ವೀಪ್ ಆದ ಮೇಲೆ ಅದು ಬರೀ ಮುಖಗಳ ರಾಶಿ, ಯಾವ ಆಕಾರದಿಂದ ಹುಟ್ಟಿತು ಅನ್ನುವ ನೆನಪೇ ಇಲ್ಲ. ಟೋಪಿ ಜಾಸ್ತಿ ಆಯ್ತು ಅಂದರೆ ಅಳಿಸಿ ಮತ್ತೆ ಎಳೆಯಬೇಕು. ಸಣ್ಣ ಕಮಾನುಗಳ ಕಾಟ ಇಲ್ಲೂ ಇದೆ: ತೀರಾ ಚಿಕ್ಕ ಮುಖಗಳು ಹುಟ್ಟುವುದೇ ಇಲ್ಲ, ತೂತು ಉಳಿಯುತ್ತದೆ. ಕಾಂಪೊನೆಂಟ್ (ಒಂದನ್ನು ತಿದ್ದಿದರೆ ಎಲ್ಲಾ ಕಾಪಿಯೂ ಬದಲಾಗುವ ವಸ್ತು) ಮಾಡಿ, ಅದರ ನೂರು ಪಟ್ಟು ದೊಡ್ಡ ಕಾಪಿಯಲ್ಲಿ ಕೆಲಸ ಮಾಡಿದರೆ ಚಿಕ್ಕದರಲ್ಲೂ ಸರಿಯಾಗುತ್ತದೆ. ಪ್ರೊಫೈಲ್ ಬಿಲ್ಡರ್ ಎಂಬ ಎಕ್ಸ್‌ಟೆನ್ಶನ್ ಆಕಾರವನ್ನೂ ದಾರಿಯನ್ನೂ ನೆನಪಿಟ್ಟುಕೊಳ್ಳುತ್ತದೆ, ಆದರೆ ಅದಕ್ಕೆ ಬೇರೆ ದುಡ್ಡು. ಬ್ರೌಸರಿನ ಉಚಿತ ಸ್ಕೆಚ್‌ಅಪ್‌ನಲ್ಲಿ ಎಕ್ಸ್‌ಟೆನ್ಶನ್ ಹಾಕಲು ಬರುವುದಿಲ್ಲ.

ಆರ್ಕಿಕ್ಯಾಡ್ ಟ್ರಯಲ್‌ನಲ್ಲಿ ನೋಡಿ ಹೊಟ್ಟೆ ಉರಿಯಿತು. ಅಲ್ಲಿ ಕಾಂಪ್ಲೆಕ್ಸ್ ಪ್ರೊಫೈಲ್‌ಗೆ ಬೇರೆ ಫೈಲೇ ಬೇಡ. ಪ್ರಾಜೆಕ್ಟಿನೊಳಗೇ ಬರೆದು ಗೋಡೆಗೆ, ಬೀಮಿಗೆ, ಕಂಬಕ್ಕೆ ಹಾಕಬಹುದು. 2018ರ 22ನೇ ಆವೃತ್ತಿಯಿಂದ ಒಂದು ಅಂಚಿಗೆ ಹೆಸರು ಕೊಟ್ಟು, ಪ್ರತಿ ಬೀಮಿನಲ್ಲೂ ಅದನ್ನು ಬೇರೆ ಬೇರೆ ದೂರಕ್ಕೆ ಎಳೆಯುವ ಸೌಕರ್ಯವೂ ಇದೆ. ಅಂದರೆ ಒಂದೇ ಪ್ರೊಫೈಲ್‌ನಲ್ಲಿ ಪೋರ್ಟಿಕೋಗೆ 150, ಬಾಲ್ಕನಿಗೆ 100. ಬರೀ ಪ್ರೊಫೈಲ್ ತಿದ್ದುವ ಸುಖ ನೋಡಿದರೆ ಇದೇ ಮೇಲು, ಒಪ್ಪುತ್ತೇನೆ. ಆದರೆ ನನ್ನ ಸ್ಟ್ರಕ್ಚರ್‌ನವರು, ಪ್ಲಂಬಿಂಗ್‌ನವರು ಎಲ್ಲರೂ ಕಳಿಸುವುದು ರೆವಿಟ್ ಫೈಲು. ಒಂದು ಕಾರ್ನಿಸ್‌ಗಾಗಿ ಊರು ಬಿಡಲಾರೆ.

ಫ್ರೀಕ್ಯಾಡ್ ಪೂರ್ತಿ ಉಚಿತ. 2024ರ ನವೆಂಬರಿನಲ್ಲಿ 1.0 ಬಂದ ಮೇಲೆ ಕಟ್ಟಡದ ಕೆಲಸಕ್ಕೂ ಕೈಗೆ ಒಗ್ಗುತ್ತಿದೆ. 0.65 ಮಿ.ಮೀ. ಚೂರಿಗೆ ಅದು ತುಟಿ ಪಿಟಕ್ಕೆನ್ನಲಿಲ್ಲ. ಸ್ಕೆಚ್ ತಿದ್ದಿದರೆ ಸ್ವೀಪೂ ತಿದ್ದಿಕೊಳ್ಳುತ್ತದೆ. ಮೂಲೆ ಸೊಟ್ಟಗಾದರೆ ಸ್ವೀಪಿನ ಟ್ರಾನ್ಸಿಶನ್ ಅನ್ನು 'ರೈಟ್ ಕಾರ್ನರ್'ಗೆ ಇಡಿ. ಪೂರ್ತಿ ಡ್ರಾಯಿಂಗ್ ಸೆಟ್ ಇದರಲ್ಲೇ ತೆಗೆಯುವಷ್ಟು ತಾಳ್ಮೆ ನನಗಿಲ್ಲ.

ಹಾಗಾಗಿ ನನ್ನ ಲೆಕ್ಕ ಹೀಗೆ. ಆಫೀಸಿನಲ್ಲಿ ರೆವಿಟ್ ಇದ್ದೇ ಇದೆ, ಅದರ ಚಂದಾ ಹೇಗೂ ಕಟ್ಟುತ್ತಿದ್ದೇವೆ, ಪ್ರೊಫೈಲ್ ಫ್ಯಾಮಿಲಿಗೆ ಮೇಲೆ ಒಂದು ಪೈಸೆ ಬೇಡ. ಚಾಚು, ಎತ್ತರ ಎರಡಕ್ಕೆ ಮಾತ್ರ ಪ್ಯಾರಾಮೀಟರ್ (ಬೇಕಾದಾಗ ಬದಲಿಸಬಹುದಾದ ಅಳತೆ) ಕೊಡುತ್ತೇನೆ, ಕಮಾನಿಗೂ ಕೊಡಲು ಹೋದರೆ ಫ್ಯಾಮಿಲಿ ಮುರಿದು ಬೀಳುತ್ತದೆ. ಇನ್‌-ಪ್ಲೇಸ್ ಸ್ವೀಪ್ ಈಗ ಒಂದೇ ಒಂದು ಕಡೆ ಬರುವ ವಿಚಿತ್ರಕ್ಕೆ ಮಾತ್ರ, ಆಗಲೂ ಒಳಗೆ ಹಾಕುವುದು ಲೋಡ್ ಮಾಡಿದ ಪ್ರೊಫೈಲನ್ನೇ. ಬರೀ ಇಂಟೀರಿಯರ್ ತೋರಿಸಿ ಒಪ್ಪಿಸುವವರಾದರೆ ಸ್ಕೆಚ್‌ಅಪ್ ಸಾಕು. ಈಗಷ್ಟೇ ಸ್ವಂತ ಕೆಲಸ ಶುರುಮಾಡಿ, ಚಂದಾ ಕಟ್ಟಲು ಕೈ ಬಿಗಿ ಇದ್ದವರು ಫ್ರೀಕ್ಯಾಡ್‌ಗೆ ಒಂದು ತಿಂಗಳು ಕೊಟ್ಟು ನೋಡಿ.

ಮೇಸ್ತ್ರಿ ಆಮೇಲೆ ಕೇಳಿದ್ದು ಆ ಪ್ರೊಫೈಲಿನದೇ ಅಸಲಿ ಅಳತೆಯ ಪ್ರಿಂಟು. 1:1ರಲ್ಲಿ ಸೆಕ್ಷನ್ ಇಟ್ಟು ಎ4ನಲ್ಲಿ ತೆಗೆದುಕೊಟ್ಟೆ. ಮೊದಲ ಸಲ ಪ್ರಿಂಟರ್ 'ಫಿಟ್ ಟು ಪೇಜ್'ನಲ್ಲಿತ್ತು, ಟೇಪ್ ಹಿಡಿದರೆ 100 ಇರಬೇಕಾದ್ದು 97. ಜೂಮ್ 100ಕ್ಕೆ ಇಟ್ಟು ಮತ್ತೆ ತೆಗೆದೆ. ಕಾಗದವನ್ನು ತಗಡಿಗೆ ಅಂಟಿಸಿ, ಡ್ರಿಪ್ ಗೆರೆಯ ಸಮೇತ ಅಲ್ಲೇ ಕೂತು ಕತ್ತರಿಸಿದರು.