ಹಳೆಯ ಸಾಗವಾನಿ ಕದವನ್ನು ರಿಪೇರಿಗೆಂದು ಟೆಂಪೊ ಹತ್ತಿಸುವ ಮೊದಲು ಇದನ್ನು ಓದಿ

ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆ ಹಳೆಯ ಮಾಳಿಗೆ ಮನೆ, ದನದ ಕೊಟ್ಟಿಗೆ ಉಳಿಸಿಕೊಂಡಿರುವವರೆಲ್ಲ ದಯವಿಟ್ಟು ಓದಿ. ಬಾಗಿಲು ದುರಸ್ತಿಯ ಹೆಸರಿನಲ್ಲಿ ನಮಗೆ ಮೋಸವಾಗಿದೆ. ಹಾಡಹಗಲೇ ಆಗಿದೆ.

ನಮ್ಮ ಕೊಟ್ಟಿಗೆಯ ಜೋಡಿ ಕದ ಸಾಗವಾನಿಯದು. ಗಂಜಲ, ಸಗಣಿ ನೀರು ತಾಗಿ ಬುಡ ಕೊಳೆತಾಗ ಅಜ್ಜ ಬೇವಿನ ಹಲಗೆ ಕೂಡಿಸಿದ್ದರು. ಸೀಳು ಬಿಟ್ಟಾಗ ಅಪ್ಪ ಚಕ್ಕಡಿ ಗಾಲಿಯ ಹಳಿ ಕಡಿಸಿ ಕಂಬಾರರಿಂದ ಪಟ್ಟಿ ಹೊಡೆಸಿದ್ದರು. ತೇಪೆಯ ಮೇಲೆ ತೇಪೆ. ಆದರೂ ಕೆಚ್ಚು ಗಟ್ಟಿಯಿತ್ತು, ಗೆದ್ದಲು ಮುಟ್ಟಿರಲಿಲ್ಲ. ಈ ಸಲ ಹೊಸ್ತಿಲ ಕಲ್ಲಿನ ಕುಳಿಯಲ್ಲಿ ತಿರುಗುವ ಗೂಟ ಸವೆದು ಕದ ನೆಲಕ್ಕೆ ಉಜ್ಜುತ್ತಿತ್ತು, ಅಷ್ಟೇ. ಬಡಿಗರು ಅಂಗಳದಲ್ಲೇ ಕುಳಿತು ಮುಗಿಸುವ ಕೆಲಸ. ರಿಪೇರಿಗೆ ಒಪ್ಪಿಕೊಂಡ ಅಂಗಡಿಯವನು ಮಾತ್ರ ‘ಯಂತ್ರದಲ್ಲೇ ಆಗಬೇಕು’ ಎಂದು ಪಟ್ಟಣಕ್ಕೆ ಒಯ್ದ.

ತಿರುಗಿ ತಂದ ದಿನ ಮೊದಲು ಹಣ ಎಣಿಸಿಕೊಂಡ. ಆಮೇಲೆ ಒಬ್ಬ ಹುಡುಗ ಒಂದು ಕದವನ್ನು ಒಬ್ಬನೇ ಇಳಿಸಿದ. ಒಬ್ಬನೇ! ಕೀಳುವಾಗ ನಾಲ್ಕು ಜನ ಏದುಸಿರು ಬಿಟ್ಟು ಹೊತ್ತ ಕದ ಅದು. ನನ್ನ ಎದೆ ಧಸಕ್ಕೆಂದಿತು. ಮೈತುಂಬ ದಪ್ಪ ಕೆಂಪು ಬಣ್ಣ. ಬೇವಿನ ಹಲಗೆ ಇಲ್ಲ, ಹಳಿಯ ಪಟ್ಟಿ ಇಲ್ಲ, ಗೂಟವೇ ಇಲ್ಲ, ಅದರ ಬದಲು ಅಂಗಡಿಯ ಬಿಜಾಗರಿ. ಅಕ್ಕಪಕ್ಕದವರೆಲ್ಲ ನೋಡುತ್ತ ನಿಂತಿದ್ದರು, ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಕೇಳಿದರೆ, ‘ಸಾಗವಾನಿ ಒಣಗಿದರೆ ಹಗುರಾಗುತ್ತದೆ, ಸರ್’ ಎಂದ. ಅಜ್ಜನ ಕಾಲದಿಂದ ಈ ಬಿಸಿಲುಂಡ ಕಟ್ಟಿಗೆ ಇವನ ಅಂಗಡಿಗೆ ಹೋಗಿ ಒಣಗಿತೇ? ಬಣ್ಣ ಕೆರೆದೆ. ಒಳಗೆ ಬಿಳಿಚಿದ ಮೆದು ಕಟ್ಟಿಗೆ, ಉಗುರು ಇಳಿಯುತ್ತದೆ. ‘ನೀವು ಕೆರೆದಿದ್ದೀರಿ, ಇನ್ನು ಗ್ಯಾರಂಟಿ ಇಲ್ಲ’ ಎಂದ. ಹಳೆಯ ಕದ ಎಲ್ಲಿ? ‘ಕೊಳೆತಿತ್ತು, ಒಲೆಗೆ ಹಾಕಿದೆವು.’ ಕಬ್ಬಿಣದ ಪಟ್ಟಿಯೂ ಒಲೆಗೇ? ‘ಗುಜರಿಗೆ ಹೋಯಿತು.’ ಕೊನೆಗೆ ಅಪ್ಪನ ಎದುರಿಗೇ ಹೇಳಿದ: ‘ನಿಮಗೆ ಬಾಗಿಲು ಬೇಕೋ, ತೇಪೆ ಬೇಕೋ?’

ತೇಪೆಯೇ ಬೇಕಿತ್ತು. ಹಣ ಕೊಟ್ಟಿದ್ದು ಇನ್ನೊಂದು ತೇಪೆಗೆ. ಹಳೆಯ ಸಾಗವಾನಿಗೆ ಪಟ್ಟಣದಲ್ಲಿ ಎಂಥ ಬೇಡಿಕೆಯಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಒಲೆಗೆ ಹಾಕಿದನಂತೆ! ನಾನು ನಂಬುವುದಿಲ್ಲ.

ಕೆಲಸ ನಿಮ್ಮ ಅಂಗಳದಲ್ಲೇ ಆಗಲಿ. ಕದವನ್ನು ಒಯ್ಯಲೇಬೇಕೆಂದರೆ ಜೊತೆಗೆ ನೀವೂ ಹೋಗಿ. ಪ್ರತಿ ತೇಪೆಯ ಫೋಟೊ ತೆಗೆಯಿರಿ, ಬಿಚ್ಚಿದ ತುಂಡು, ಮೊಳೆ ಎಲ್ಲವನ್ನೂ ವಾಪಸು ಕೇಳಿ. ಕದ ಇಳಿಸಿ, ಎತ್ತಿ ನೋಡುವವರೆಗೆ ಹಣ ಕೊಡಬೇಡಿ. ಅವನು ಈಗಲೂ ಹಳ್ಳಿಗಳಲ್ಲಿ ‘ಹಳೆಯ ಬಾಗಿಲು ಇದೆಯೇ’ ಎಂದು ಕೇಳುತ್ತ ತಿರುಗುತ್ತಿದ್ದಾನೆ.