ತಿರುಪಿನ ಬಿಗಿತಕ್ಕೊಂದು ಅಳತೆ: ಟಾರ್ಕ್ ಸ್ಕ್ರೂಡ್ರೈವರ್ ಜೊತೆ ನಾಲ್ಕು ವರ್ಷ

ಈ ಟಾರ್ಕ್ ಸ್ಕ್ರೂಡ್ರೈವರ್ ನನ್ನ ಕೈಗೆ ಬಂದು ನಾಲ್ಕು ವರ್ಷಗಳಾದವು. 10ರಿಂದ 65 ಇಂಚು-ಪೌಂಡ್‌ವರೆಗೆ (ತಿರುಚುವ ಬಲದ ಅಳತೆ) ಹೊಂದಿಸಬಹುದಾದ, ಇಟ್ಟ ಅಂಕಿ ಮುಟ್ಟಿದೊಡನೆ 'ಟಕ್' ಎಂದು ಜಾರುವ ಬಗೆಯದು. ಈ ಅವಧಿಯಲ್ಲಿ ನನ್ನ ಗುರಿ ಅಭ್ಯಾಸದ ಬೋಲ್ಟ್ ರೈಫಲ್‌ಗೆ ಎರಡು ಸಲ ಸ್ಟಾಕ್ (ಭುಜಕ್ಕೊರಗಿಸಿ ಹಿಡಿಯುವ ಒಡಲು) ಬದಲಾಯಿಸಿದ್ದೇನೆ. ಮೊದಲು ಸಾದಾ ಮರದಿಂದ ತಿರುಪಿನ ತೂತಿಗೆ ಅಲ್ಯೂಮಿನಿಯಂ ಪಿಲ್ಲರ್ (ಕೊಳವೆ) ಕೂರಿಸಿದ ಲ್ಯಾಮಿನೇಟ್‌ಗೆ, ಅಂದರೆ ಮರದ ಪದರಗಳನ್ನು ಅಂಟಿಸಿದ ಸ್ಟಾಕ್‌ಗೆ, ಆಮೇಲೆ ಪೂರ್ತಿ ಅಲ್ಯೂಮಿನಿಯಂ ಚೌಕಟ್ಟಿನ ಚಾಸಿಗೆ. ತಿರುಪುಗಳಿಂದ ಸ್ಟಾಕ್‌ಗೆ ಬಿಗಿಯುವ ಆ್ಯಕ್ಷನ್, ಅಂದರೆ ಗುಂಡನ್ನು ಒಳಗೆ ತಳ್ಳಿ ಬೀಗ ಹಾಕುವ ಬೋಲ್ಟ್ ಓಡಾಡುವ ಲೋಹದ ಭಾಗ, ಅದೇ; ತಿರುಪಿನ ಎಳೆಯೂ ಅದೇ. ಆದರೂ ಮರಕ್ಕೆ ಹೊಂದಿದ ಬಿಗಿತ ಉಳಿದೆರಡಕ್ಕೆ ಹೊಂದಲಿಲ್ಲ.

ಕೊಂಡ ಹೊಸತರಲ್ಲಿ ನಾನು ಎಲ್ಲರನ್ನೂ "ಈ ರೈಫಲ್‌ಗೆ ಎಷ್ಟು ಬಿಗಿಯಬೇಕು?" ಎಂದು ಕೇಳುತ್ತಿದ್ದೆ. ಕೇಳಬೇಕಾದದ್ದು ತಿರುಪಿನ ತಲೆಗೂ ಆ್ಯಕ್ಷನ್‌ಗೂ ನಡುವೆ ಏನು ಸಿಕ್ಕಿಕೊಂಡಿದೆ ಎಂದು. ಬರೀ ಮರವಿದ್ದರೆ ಅದರ ನಾರು ಒತ್ತಡಕ್ಕೆ ಕುಗ್ಗುತ್ತದೆ. 35ರಿಂದ 40 ಇಂಚು-ಪೌಂಡ್, ಅಂದರೆ ಸುಮಾರು 4ರಿಂದ 4.5 ನ್ಯೂಟನ್-ಮೀಟರ್, ಸಾಕು. ಲೋಹಕ್ಕೆ ಲೋಹ ಕೂರುವ ಪಿಲ್ಲರ್ ಅಥವಾ ಚಾಸಿಯಾದರೆ 65 ಇಂಚು-ಪೌಂಡ್‌ವರೆಗೆ, ಸುಮಾರು 7.3 ನ್ಯೂಟನ್-ಮೀಟರ್, ಹೋಗುವುದು ಸಾಮಾನ್ಯ. ಸ್ಟಾಕ್ ತಯಾರಕರು ಅಂಕಿ ಕೊಟ್ಟಿದ್ದರೆ ಅದೇ ಕೊನೆಯ ಮಾತು. ಮೂರು ತಿರುಪಿನ ರೈಫಲ್ ಇರುವವರು ನಡುವಿನದನ್ನು ಕೈಬಿಗಿಗೆ ನಿಲ್ಲಿಸಬೇಕು. ಅದನ್ನು ಹೆಚ್ಚು ಎಳೆದರೆ ಆ್ಯಕ್ಷನ್ ಬಾಗುತ್ತದೆ.

ಲ್ಯಾಮಿನೇಟ್ ಹಾಕಿದ ದಿನ ನಾನು ಅವಸರಪಟ್ಟೆ. 65ಕ್ಕೆ ಬಿಗಿದೆ, 'ಟಕ್' ಎಂದಿತು, ಕೆಲಸ ಮುಗಿಯಿತೆಂದು ಬೋಲ್ಟ್ ಹಾಕಿ ಹಿಡಿ ಇಳಿಸಿದರೆ ಅರ್ಧಕ್ಕೆ ನಿಂತಿತು. ಮುಂದಿನ ತಿರುಪನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ಅದರ ತುದಿಯಲ್ಲಿ ಅಕ್ಕಿಕಾಳಿನ ಮೊನೆಯಷ್ಟು ಜಾಗ ಕಪ್ಪು ಬಣ್ಣ ಕಳೆದುಕೊಂಡು ಹೊಳೆಯುತ್ತಿತ್ತು. ಹೊಸ ಸ್ಟಾಕ್‌ನ ತಳ ಹಳೆಯದಕ್ಕಿಂತ ತೆಳುವಾಗಿದ್ದುದರಿಂದ ಹಳೆಯ ತಿರುಪು ಮೇಲೆ ಚಾಚಿ ಬೋಲ್ಟ್‌ನ ಲಗ್‌ಗೆ (ಬೀಗ ಹಾಕುವ ಚಾಚಿಗೆ) ತಾಗಿತ್ತು. ತಿರುಪಿನ ತುದಿ ಎಲ್ಲಾದರೂ ತಾಗಿದರೂ ಸ್ಕ್ರೂಡ್ರೈವರ್ ಇಟ್ಟ ಅಂಕಿಗೇ ಜಾರುತ್ತದೆ, ಸ್ಟಾಕ್ ಮಾತ್ರ ಸಡಿಲವಾಗಿಯೇ ಇರುತ್ತದೆ. ಈಗ ಮೊದಲು ಉದ್ದ ಅಳೆಯುತ್ತೇನೆ, ಆಮೇಲೆ ಬಿಗಿತ.

ನನ್ನ ಕ್ರಮ ಹೀಗಿದೆ. ಗುಂಡು ಕೂರುವ ಚೇಂಬರ್ ಖಾಲಿ ಇದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ ಬೋಲ್ಟ್ ತೆಗೆಯುತ್ತೇನೆ. ಎಳೆಗಳ ಎಣ್ಣೆಯನ್ನು ಒರೆಸಿ ಒಣಗಿಸುತ್ತೇನೆ, ಏಕೆಂದರೆ ಎಣ್ಣೆ ಸವರಿದ ಎಳೆ ಅದೇ ಅಂಕಿಯಲ್ಲಿ ಹೆಚ್ಚು ಜೋರಾಗಿ ಎಳೆಯುತ್ತದೆ. ಎರಡೂ ತಿರುಪು ಸಡಿಲವಿರುವಾಗ ರೈಫಲ್ಲನ್ನು ನೆಟ್ಟಗೆ ನಿಲ್ಲಿಸಿ, ಹಿಂಬದಿಯನ್ನು ರಬ್ಬರ್ ಚಾಪೆಯ ಮೇಲೆ ಮೆಲ್ಲಗೆ ಕುಟ್ಟಿ, ರಿಕಾಯಿಲ್ ಲಗ್ (ಗುಂಡಿನ ಹಿಮ್ಮೆಟ್ಟನ್ನು ಸ್ಟಾಕ್‌ಗೆ ದಾಟಿಸುವ ಚಾಚು) ತನ್ನ ಗೂಡಿನ ಹಿಂಗೋಡೆಗೆ ಒರಗುವಂತೆ ಮಾಡುತ್ತೇನೆ. ಮುಂದಿನ ತಿರುಪು ಅರ್ಧ ಬಿಗಿತಕ್ಕೆ, ಹಿಂದಿನದು ಅರ್ಧಕ್ಕೆ, ಮತ್ತೆ ಅದೇ ಸರದಿಯಲ್ಲಿ ಪೂರ್ತಿ.

ಇಷ್ಟಾದರೂ ಲ್ಯಾಮಿನೇಟ್‌ನಲ್ಲಿ ಗುಂಡಿನ ಗುರುತುಗಳ ಗುಂಪು ಒತ್ತಾಗಿ ಕೂಡುತ್ತಿರಲಿಲ್ಲ. ಆಗ ನಳಿಕೆಗೆ ಡಯಲ್ ಗೇಜ್ ಕಟ್ಟಿ ಅದರ ಮೊನೆಯನ್ನು ಸ್ಟಾಕ್‌ನ ಮುಂತುದಿಗೆ ತಾಗಿಸಿ, ಮುಂದಿನ ತಿರುಪನ್ನು ನಿಧಾನವಾಗಿ ಸಡಿಲಿಸಿದೆ. ಮುಳ್ಳು 0.12 ಮಿಲಿಮೀಟರ್ ಸರಿಯಿತು. 0.05 ದಾಟಿದರೆ ಆ್ಯಕ್ಷನ್ ತನ್ನ ಹಾಸಿಗೆಯಲ್ಲಿ ಬಾಗಿ ಕೂತಿದೆಯೆಂದು ಅರ್ಥ. ಬಿಗಿತವನ್ನು ಎಷ್ಟೇ ಹುಡುಕಿದರೂ ಅದು ನೇರವಾಗುವುದಿಲ್ಲ. ಎಪಾಕ್ಸಿ ಹಾಕಿ ಬೆಡ್ಡಿಂಗ್ ಮಾಡಿಸಿದ, ಅಂದರೆ ಆ ಹಾಸಿಗೆಯನ್ನು ಆ್ಯಕ್ಷನ್‌ನ ಆಕಾರಕ್ಕೇ ತುಂಬಿಸಿದ ಮೇಲೆ ಮುಳ್ಳಿನ ಚಲನೆ 0.02ಕ್ಕೆ ಇಳಿಯಿತು. ಆನಂತರ 45ರಿಂದ 65ರವರೆಗೆ ಐದೈದು ಏರಿಸುತ್ತಾ, ಬೇರೆ ಬೇರೆ ದಿನ ಎರಡು ಸುತ್ತು ಗುಂಡು ಹಾರಿಸಿ ನೋಡಿದೆ. ಗುಂಪುಗಳಲ್ಲಿ ನಾನು ಗುರುತಿಸಬಲ್ಲ ವ್ಯತ್ಯಾಸವಿರಲಿಲ್ಲ. ಹಳೆಯ ಮರದ ಸ್ಟಾಕ್‌ನಲ್ಲಿ ಐದು ಇಂಚು-ಪೌಂಡ್ ಏರಿಸಿದರೆ ಗುಂಡು ಬೀಳುವ ಜಾಗವೇ ಬದಲಾಗುತ್ತಿತ್ತು. ಅಂಕಿಗೆ ಅಷ್ಟು ಸೂಕ್ಷ್ಮವಾಗಿರುವ ರೈಫಲ್‌ನಲ್ಲಿ ನಾನೀಗ ಮೊದಲು ಬೆಡ್ಡಿಂಗ್ ನೋಡುತ್ತೇನೆ.

ಹಾಗಾದರೆ ಈ ಸಾಧನದಿಂದ ಏನು ಸಿಕ್ಕಿತು? ಸ್ಟಾಕ್ ಬಿಚ್ಚಿ ಸ್ವಚ್ಛಗೊಳಿಸಿ ಮತ್ತೆ ಜೋಡಿಸಿದಾಗ ಮೊದಲ ಗುಂಡು ಹಳೆಯ ಜಾಗದ ಹತ್ತಿರವೇ ಬೀಳುತ್ತದೆ. ಕೈ ಅಂದಾಜಿನ ಕಾಲದಲ್ಲಿ ಪ್ರತಿ ಸಲವೂ ದುರ್ಬೀನು ಹೊಂದಿಸಬೇಕಾಗುತ್ತಿತ್ತು. ನನಗೆ ಈ ಒಂದು ಕಾರಣವೇ ಸಾಕು.

ಕೊರತೆಗಳಿವೆ. ಅಂಕಿ ತೋರುವ ಕಿಟಕಿ ಚಿಕ್ಕದು, ಗೆರೆಗಳು ಒತ್ತೊತ್ತಾಗಿವೆ. ತುದಿಗೆ ಸಿಕ್ಕಿಸುವ ಬಿಟ್‌ಗಳಲ್ಲೊಂದು ಮೊದಲಿನಿಂದಲೂ ಸಡಿಲ. ಅದನ್ನು ತಿರುಪಿನ ತಲೆಗೆ ಹಾಕುವುದನ್ನೇ ಬಿಟ್ಟಿದ್ದೇನೆ. ಸ್ಪ್ರಿಂಗ್ ಸೋಲಬಾರದೆಂದು ಪ್ರತಿ ಸಲವೂ ಅಂಕಿಯನ್ನು ಕನಿಷ್ಠಕ್ಕೆ ಇಳಿಸಿ ಎತ್ತಿಡುತ್ತೇನೆ. ವರ್ಷಕ್ಕೊಮ್ಮೆ ಪರೀಕ್ಷೆಯೂ ಆಗುತ್ತದೆ. ಎರಡೂ ಬದಿಗೆ ಸಮತೂಕವಾಗಿ ಚಾಚಿದ ಪಟ್ಟಿಯನ್ನು ಬಿಟ್‌ಗೆ ಸಿಕ್ಕಿಸಿ, ಅಡ್ಡಲಾಗಿ ಹಿಡಿದು, ನಡುವಿನಿಂದ 50 ಸೆಂಟಿಮೀಟರ್ ದೂರಕ್ಕೆ 1 ಕಿಲೋ ತೂಕ ತೂಗಿಬಿಟ್ಟರೆ 4.9 ನ್ಯೂಟನ್-ಮೀಟರ್, ಅಂದರೆ ಸುಮಾರು 43 ಇಂಚು-ಪೌಂಡ್ ಆಗುತ್ತದೆ. ಮೊದಲ ವರ್ಷ 44ಕ್ಕೆ ಇಟ್ಟಾಗ ಜಾರದೆ ತೂಕ ಹೊತ್ತಿತ್ತು. ಈ ವರ್ಷ 46ಕ್ಕೆ ಏರಿಸಿದ ಮೇಲಷ್ಟೇ ಹೊತ್ತಿತು. ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ, 'ಎರಡು ಹೆಚ್ಚಿಗೆ ಇಡು' ಎಂದು ತಾರೀಖಿನೊಂದಿಗೆ ಬರೆದಿದ್ದೇನೆ.